ನೀಲಕ್ಕ ಮತ್ತು ನಾನು ತುಂಬಿದ ಹನ್ನೊಂದು ಬಾಟಲಿ

ನಮ್ಮೂರ ಶಾಲೆಯ ಪಡಸಾಲೆಯಲ್ಲಿ ಅಕ್ಕನ ಮೇಲೆ ತಪ್ಪು ಹೊರಿಸಿದ ದಿನ ನಾನು ಅವಳಿಂದ ನಾಲ್ಕು ಹೆಜ್ಜೆ ದೂರದಲ್ಲಿ ಕುಳಿತಿದ್ದೆ. ತಪ್ಪು ಯಾರದೆಂದು ನನಗೆ ಗೊತ್ತಿತ್ತು. ಬಾಯಿ ತೆರೆಯಲಿಲ್ಲ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು, ಬರೆಯುವ ರೂಢಿ ಇಲ್ಲ. ಆದರೂ ಇದನ್ನು ಬರೆಯದೆ ನೀಲಕ್ಕನ ಬಗ್ಗೆ ಬೇರೇನು ಬರೆದರೂ ಸುಳ್ಳಾಗುತ್ತದೆ.

ನೀಲಕ್ಕ ತುರುಬಿಗೆ ಪೆನ್ನು ಸಿಕ್ಕಿಸಿಕೊಳ್ಳುತ್ತಿದ್ದಳು. ಹೆಂಗಸರು ನಕ್ಕರೆ, “ನಿಮ್ಮ ಹೂವು ಸಂಜಿಗೆ ಬಾಡತೈತಿ, ನನ್ನ ಪೆನ್ನು ಬಾಡಂಗಿಲ್ಲ” ಎನ್ನುವಳು. ಸವಣೂರಿಗೆ ಮದುವೆಯಾಗಿ ಹೋದವಳು; ಹತ್ತನೇ ಇಯತ್ತೆ ಪಾಸಾಗಿದ್ದಳು. ಸಂತೆಯಲ್ಲಿ ತಕ್ಕಡಿ ಎತ್ತುವ ಮೊದಲು ತೂಕದ ಮೋಸಕ್ಕೆ ಏನಾದರೂ ಅಂಟಿಸಿದ್ದಾರೆಯೇ ಎಂದು ಅದರ ಪರಡಿಯ, ಅಂದರೆ ತಟ್ಟೆಯ, ತಳ ಮುಟ್ಟಿ ನೋಡುವಳು. ವ್ಯಾಪಾರಿ ಸಿಟ್ಟಾದರೆ, “ನಿಮ್ಮ ಮ್ಯಾಲ ಸಂಶಯ ಇಲ್ಲಪಾ, ಅದಕ್ಕ ನಿಮ್ಮ ಮುಂದನ ನೋಡಾಕತ್ತೇನಿ” ಎನ್ನುವಳು. ನನಗೆ ಅವಳು ಹೇಳುತ್ತಿದ್ದ ಮಾತು ಒಂದೇ: “ಸಂಶಯ ಬಂದ್ರ ಬಾಯಿಬಿಟ್ಟು ಕೇಳ, ಗಿರಿಜಿ. ಹೊಟ್ಟ್ಯಾಗ ಇಟ್ಕೊಂಡ್ರ ಹಿಟ್ಟಿನಂಗ ಹುಳಿ ಬರತೈತಿ.”

ನನ್ನ ಹೊಟ್ಟೆಯಲ್ಲಿ ಬಂದದ್ದು ಅದೇ ಹುಳಿ.

ನಾನಿರುವುದು ಹಿರೇಕೆರೂರ ಕಡೆ, ಅಬಲೂರಿಗೆ ಹತ್ತಿರದ ಒಂದು ಊರು. ಇಲ್ಲಿ ಕಂಪನಿಗೆ ಕೊಡಲು ಬೀಜದ ಹತ್ತಿ ಬೆಳೆಯುತ್ತಾರೆ. ಮಧ್ಯಾಹ್ನ ಮೊಗ್ಗನ್ನು ಹೆಬ್ಬೆರಳ ಉಗುರಿನಿಂದ ಸುಲಿದು ಬರುವುದು, ಮರುದಿನ ಬೆಳಿಗ್ಗೆ ಅದಕ್ಕೆ ಗಂಡು ಹೂವು ಮುಟ್ಟಿಸುವುದು. ಇದಕ್ಕೆ ಕ್ರಾಸಿಂಗ್ ಎನ್ನುತ್ತೇವೆ. ನಮ್ಮ ಓಣಿಯ ಹೆಂಗಸರೆಲ್ಲ ಅದೇ ಕೆಲಸದವರು. ಔಷಧ ಹೊಡೆದ ಹೊಲದಲ್ಲೇ ದಿನವೆಲ್ಲ ನಿಲ್ಲುತ್ತೇವೆ. ತಲೆ ಸಿಡಿಯುವುದು, ಬೆರಳು ನಡುಗುವುದು ಎಲ್ಲರಿಗೂ ಇತ್ತು. ಯಾರೂ ಅದನ್ನು ರೋಗವೆಂದು ಕರೆದಿರಲಿಲ್ಲ.

ಒಂದು ದಿನ ಜೀಪಿನಲ್ಲಿ ಯೂನಿವರ್ಸಿಟಿಯವರು ಬಂದರು. ನಾವು ಡಾಕ್ಟರ್ ಬಾಯಿ ಎನ್ನುವ ಒಬ್ಬ ಹೆಣ್ಣು ಡಾಕ್ಟರ್, ಒಬ್ಬರು ಔಷಧ-ಗೊಬ್ಬರ ಓದಿಕೊಂಡವರು, ಇನ್ನೊಬ್ಬರು ಬೆರಳ ನಡುಕ ಅಳೆಯುವ ಸಣ್ಣ ಯಂತ್ರ ಮಾಡಿದವರು. ಅವರ ಜೊತೆ ಹೆಸರು ಬರೆದುಕೊಳ್ಳುವ ಕೆಲಸಕ್ಕೆ ನಮ್ಮ ನೀಲಕ್ಕ. ವಾರದಲ್ಲಿ ಮೂರು ದಿನ ನಮ್ಮ ಮನೆಯಲ್ಲೇ ಉಳಿಯುತ್ತಿದ್ದಳು.

“ಮೂರು ನಮೂನಿ ಮಂದಿ ಒಂದ ಜೀಪಿನ್ಯಾಗ ಯಾಕ ಬಂದಾರ?” ಎಂದು ಕೇಳಿದೆ.

“ಒಬ್ಬರಿಂದ ಆಗೂ ಕೆಲಸ ಅಲ್ಲದು. ಮೂರೂ ಮಂದಿ ಕೂಡಿ ಮಾಡ್ರಿ ಅಂತ ಯೂನಿವರ್ಸಿಟಿಯವರು ಮೊದಲಿಗೆ ಸಣ್ಣ ರೊಕ್ಕ ಕೊಟ್ಟಾರ. ಮೆಣಸಿನಕಾಯಿ ಅಗಿ ಮಡಿಯೊಳಗ ಹಾಕಿ ನೋಡ್ತೀವಲ್ಲ, ಹಂಗ. ಮಡಿಯೊಳಗ ಚಲೋ ಎದ್ರ ಹೊಲಕ್ಕ ಹಚ್ಚೂದು. ಹೊಲದ ಔಷಧದಿಂದನ ಬೆರಳು ನಡಗ್ತಾವ ಅನ್ನೂದು ಖರೇ ಅನ್ನಿಸಿದ್ರ ಮುಂದ ದೊಡ್ಡ ರೊಕ್ಕ ಬರತೈತಿ, ಊರೂರು ನೋಡ್ತಾರ.”

“ಕೇಳದ ರೊಕ್ಕ ಕೊಡಾಕ ಅವರೇನ್ ನಮ್ಮ ಸ್ವಾದರಮಾವ ಅದಾರನು?”

ಅಕ್ಕ ನಕ್ಕಳು. “ಇದನ್ನ ಡಾಕ್ಟರ್ ಬಾಯಾರ ಮುಂದ ಕೇಳು. ನಾ ಕರ್ಕೊಂಡು ಹೋಗ್ತೇನಿ.”

ನಾನು ಹೋಗಲಿಲ್ಲ. ನಾನು ಕೇಳಿದ್ದು ಬೀಜದ ಕಂಪನಿಯ ಏಜೆಂಟನನ್ನು. ಅವನು ಬೈಕಿನ ಮೇಲೆ ಕುಳಿತೇ ಹೇಳಿದ: “ನಿಮ್ಮ ಮೈಯಾಗ ವಿಷ ಐತಿ ಅಂತ ಕಾಗದದ ಮ್ಯಾಲ ಬಂತಂದ್ರ, ಕಂಪನಿ ಮುಂದಿನ ವರ್ಷ ಬ್ಯಾರೆ ಊರು ನೋಡ್ಕೊಂತೈತಿ. ಆಮ್ಯಾಲ ಏಜೆಂಟ ಹೇಳಲಿಲ್ಲ ಅನಬ್ಯಾಡ್ರಿ.”

ಅಲ್ಲಿಂದ ಮುಂದೆ ಎಲ್ಲದರಲ್ಲೂ ನನಗೆ ಮೋಸ ಕಂಡಿತು. ಅವರು ಸಹಿ ಹಾಕಿಸಿಕೊಂಡ ಕಾಗದದಲ್ಲಿ, ಐಸ್ ತುಂಬಿದ ಡಬ್ಬಿಯಲ್ಲಿ, ಅಕ್ಕ ಹೆಸರು ಬರೆಯುವಾಗ ಕೈಯಿಂದ ಪುಟ ಮರೆಮಾಡಿದ್ದರಲ್ಲಿ. ಒಬ್ಬರ ವಿಷಯ ಇನ್ನೊಬ್ಬರಿಗೆ ಕಾಣಬಾರದೆಂದು ಅವಳು ಹಾಗೆ ಮಾಡುತ್ತಿದ್ದಳು. ನಾನು ಮಾತ್ರ, ಒಡಹುಟ್ಟಿದವಳೂ ಅವರ ಕಡೆ ಸೇರಿದಳು ಎಂದುಕೊಂಡೆ.

ಬೆಳಿಗ್ಗೆ ಎದ್ದ ಕೂಡಲೇ ಮಾಡಿದ ಮೂತ್ರ ಅವರಿಗೆ ಬೇಕಿತ್ತು. ಪ್ರತಿಯೊಬ್ಬರಿಗೂ ಚೀಟಿ ಅಂಟಿಸಿದ ಒಂದು ಸಣ್ಣ ಬಾಟಲಿ. “ನಾ ಕೆಳಗಿನ ಓಣಿಗೆ ಹೋಗ್ತೇನಿ. ನಮ್ಮ ಓಣೀದು ನೀ ನೋಡ್ಕೋ. ಮಂದಿ ನಾಚ್ಕೊಂತಾರ, ನಿನ್ನ ಕೈಯಾಗಾದ್ರ ಕೊಡ್ತಾರ” ಎಂದು ಅಕ್ಕ ಹನ್ನೊಂದು ಬಾಟಲಿಗಳನ್ನು ನನ್ನ ಕೈಗಿಟ್ಟಳು.

ಹನ್ನೊಂದು ಮನೆಯ ಹೆಂಗಸರಿಗೂ ಏಜೆಂಟನ ಮಾತು ಹೇಳಿದೆ. ಎದುರು ಮನೆಯ ಗಂಗವ್ವ, “ಹಂಗಾದ್ರ ಹೊಲಕ್ಕ ಕಾಲಿಡದಾಕೀದು ತುಂಬಿ ಕೊಡೂಣು” ಎಂದಳು. ಹೊಲಕ್ಕೆ ಕಾಲಿಡದವರೆಂದರೆ ನಮ್ಮ ಅತ್ತೆ. ಮೊಣಕಾಲು ನೋವಿಗೆ ಹೊರಗೆ ಹೋಗಲಾರದೆ ಮೂತ್ರಕ್ಕೆಂದು ಮೂಲೆಯಲ್ಲೇ ಕೊಡವಿಟ್ಟುಕೊಂಡಿದ್ದರು. ಹನ್ನೊಂದು ಬಾಟಲಿ ತುಂಬಿಯೂ ಉಳಿಯಿತು. ಅತ್ತೆ ದಿನಕ್ಕೆ ಎಷ್ಟು ತಂಬಿಗೆ ನೀರು ಕುಡಿಯುತ್ತಾರೆಂಬುದನ್ನು ನಾನು ನೋಡುತ್ತಲೇ ಇದ್ದೆ. ಬಿಸಿಲಿಗೆ ಎಂದುಕೊಂಡಿದ್ದೆ.

ಕೆಲವು ದಿನಗಳ ಮೇಲೆ ಅಕ್ಕ ಒಬ್ಬಳೇ ಬಂದಳು. ಮುಖ ಬಿಗಿದಿತ್ತು. ಬೆರಳು ಚುಚ್ಚಿ ಸಕ್ಕರೆ ನೋಡುವ ಯಂತ್ರ ತಂದಿದ್ದಳು. “ನಿಮ್ಮ ಓಣಿ ಹನ್ನೊಂದೂ ಮಂದಿಗೆ ಸಕ್ಕರಿ ರೋಗ ಬಂದೈತಂತ” ಎಂದಳು. ಎಲ್ಲರ ಬೆರಳೂ ಚುಚ್ಚಿದಳು. ಒಬ್ಬರಲ್ಲೂ ಇರಲಿಲ್ಲ. ಗಂಗವ್ವ ಯಾರ ಮುಖವನ್ನೂ ನೋಡದೆ ಬೆರಳು ಚೀಪುತ್ತ ಎದ್ದುಹೋದಳು. ಯಂತ್ರ ಚೀಲಕ್ಕೆ ಹಾಕುವಾಗ ಅಕ್ಕನ ಕಣ್ಣು ಮೂಲೆಯ ಕೊಡದ ಮೇಲೆ ನಿಂತಿತು. ಎದ್ದುಹೋಗಿ ಅತ್ತೆಯ ಬೆರಳು ಹಿಡಿದಳು. ಯಂತ್ರ ತೋರಿಸಿದ ಅಂಕೆಯನ್ನು ಎರಡು ಸಲ ನೋಡಿದಳು.

“ಅತ್ತೀ, ನಿಮಗ ಸಕ್ಕರಿ ಭಾಳ ಐತಿ. ನಾಳೆ ಗಿರಿಜಿ ನಿಮ್ಮನ್ನ ದವಾಖಾನಿಗೆ ಕರ್ಕೊಂಡು ಹೋಗ್ತಾಳ.”

ಅಷ್ಟು ಹೇಳಿ ನನ್ನನ್ನು ನೋಡಿದಳು. ನಾನು ಒಲೆಯ ಕಡೆ ತಿರುಗಿದೆ. ಅಂದು ನಾನು ತಟ್ಟಿದ ರೊಟ್ಟಿಯನ್ನು ಅವಳು ಎಂದಿನಂತೆಯೇ ಉಂಡಳು. ಅದೇ ನನಗೆ ಹೆಚ್ಚು ಭಯ ಹುಟ್ಟಿಸಿತು.

ಮರುವಾರ ಶಾಲೆಯ ಪಡಸಾಲೆಯಲ್ಲಿ ಎಲ್ಲರನ್ನೂ ಕೂಡಿಸಿದರು. ಡಾಕ್ಟರ್ ಬಾಯಿ ಸಿಟ್ಟಿನಿಂದಲ್ಲ, ಬೇಸರದಿಂದ ಕೇಳಿದರು: “ಹನ್ನೊಂದು ಬಾಟಲಿಯಲ್ಲೂ ಒಬ್ಬರದೇ ಇದೆ. ಮನೆಮನೆಗೆ ಹೋಗಲು ಬೇಸರವಾಗಿ ನೀವೇ ತುಂಬಿದಿರಾ, ನೀಲವ್ವ?”

ಅಕ್ಕ ತುರುಬಿನ ಪೆನ್ನು ತೆಗೆದು ಮುಂದಿಟ್ಟಳು. “ನಾ ತುಂಬಿಲ್ರಿ. ಆದ್ರ ನಾ ನಿಂತು ನೋಡ್ಲಿಲ್ರಿ. ನೋಡೂದು ನನ್ನ ಕೆಲಸ ಇತ್ತು. ತಪ್ಪು ನಂದ.”

“ಹಾಗಾದರೆ ಯಾರು?”

ಅಕ್ಕ ಪೆನ್ನನ್ನು ಅವರ ಕಡೆಗೆ ಸರಿಸಿದಳು, ಹೆಸರು ಹೇಳಲಿಲ್ಲ. ನನ್ನ ಹೆಸರು ಹೇಳಿದರೆ ಗಂಡನ ಮನೆಯಲ್ಲಿ ನನ್ನ ಗತಿ ಏನೆಂದು ಅವಳಿಗೆ ಗೊತ್ತಿತ್ತು. ನಾನು ನೆಲ ಕೆರೆಯುತ್ತ ಕುಳಿತೆ. ಅವಳ ಕೆಲಸ ಹೋಯಿತು. ಮೊದಲ ಹಣದ ಕೆಲಸವೇ ಕೆಟ್ಟಿದ್ದರಿಂದ ದೊಡ್ಡ ಹಣ ಬರಲಿಲ್ಲ. ನಮ್ಮ ಬೆರಳುಗಳು ಹಾಗೆಯೇ ನಡುಗುತ್ತಿದ್ದವು. ನೀಲವ್ವ ಕೂತಲ್ಲೇ ಬಾಟಲಿ ತುಂಬಿದಳೆಂಬ ಮಾತು ಸವಣೂರಿನವರೆಗೂ ಹೋಯಿತು. ಸಂತೆಯಲ್ಲಿ ಒಬ್ಬ ವ್ಯಾಪಾರಿ, “ಪರಡಿ ಮುಟ್ಟಿ ನೋಡೂ ಬಾಯಾರು ಬಂದ್ರು” ಎಂದು ನಗಾಡಿದನಂತೆ.

ಕಳೆದ ವರ್ಷ ಸವಣೂರಿಗೆ ಹೋದಾಗ ಅಕ್ಕ ಖಾರ ಕಟ್ಟಿಕೊಟ್ಟಳು, ಬಸ್‌ಸ್ಟ್ಯಾಂಡಿನವರೆಗೂ ಬಂದಳು. ತುರುಬಿನಲ್ಲಿ ಪೆನ್ನಿರಲಿಲ್ಲ.

“ಏನರ ಹೇಳೂದಿತ್ತನ, ಗಿರಿಜಿ?”

“ಏನಿಲ್ಲಕ್ಕ.”

ಅವಳಿಗೆ ಎಲ್ಲ ಗೊತ್ತಿದೆ, ನನ್ನ ಬಾಯಿಂದ ಹೊರಡಿಸಲು ನೋಡುತ್ತಿದ್ದಾಳೆ ಎಂದು ಅಂದೂ ಸಂಶಯಪಟ್ಟೆ. ಬಸ್ಸು ಹೊರಡುವವರೆಗೂ ಅವಳು ಕಿಟಕಿಯ ಸರಳು ಹಿಡಿದೇ ನಿಂತಿದ್ದಳು. ಎರಡು ತಿಂಗಳಲ್ಲಿ ಎದೆನೋವು ಬಂದು ತೀರಿಕೊಂಡಳು.

ಈ ವರ್ಷ ಅದೇ ಡಾಕ್ಟರ್ ಬಾಯಿ ಮತ್ತೆ ಸಣ್ಣ ಹಣ ಹೊಂದಿಸಿಕೊಂಡು ಬಂದರು. ಅದೇ ಪಡಸಾಲೆ. “ಈ ಸಲ ಬಾಟಲಿಗಳನ್ನು ನಾವೇ ನಿಂತು ತೆಗೆದುಕೊಳ್ಳುತ್ತೇವೆ. ಹೋದ ಸಲ ನೀಲವ್ವನವರು…” ಎಂದು ಅರ್ಧಕ್ಕೆ ನಿಲ್ಲಿಸಿದರು.

ನಾನು ಎದ್ದು ನಿಂತೆ. ಗಂಗವ್ವ ಸೆರಗು ಜಗ್ಗಿದಳು: “ಸುಮ್ಕ ಕುಂಡ್ರ.”

“ಬಾಯಾರ, ಆ ಹನ್ನೊಂದು ಬಾಟಲಿ ನಾ ತುಂಬಿದ್ದುರಿ. ನಮ್ಮ ಅತ್ತೀದು. ಅಕ್ಕಗ ಗೊತ್ತಿದ್ದಿಲ್ರಿ. ಗೊತ್ತಾದ ಮ್ಯಾಲೂ ಆಕಿ ನನ್ನ ಹೆಸರು ಹೇಳ್ಲಿಲ್ರಿ. ನಿಮ್ಮ ಕಾಗದದಾಗ ಆಕೀ ಹೆಸರಿನ ಮುಂದ ಏನು ಬರದೀರಿ, ಅದನ್ನ ಹೊಡದು ನನ್ನ ಹೆಸರು ಬರೀರಿ.”

ಗೋಡೆಗೆ ಒರಗಿದ್ದ ಅತ್ತೆ, “ಹನ್ನೊಂದೂ ನಂದನ?” ಎಂದರು. ಯಾರೋ ಕಿಸಕ್ಕನೆ ನಕ್ಕರು. ಡಾಕ್ಟರ್ ಬಾಯಿ ನಗಲಿಲ್ಲ. ಹಳೆಯ ವಹಿ ತೆಗೆದು ಪುಟ ಹುಡುಕತೊಡಗಿದರು. ಅದರ ಮೇಲೆ ಅಕ್ಕನ ದುಂಡನೆಯ ಅಕ್ಷರ ನನಗೆ ನಿಂತಲ್ಲಿಂದಲೇ ಕಂಡಿತು.

“ತಪ್ಪಾತು, ಅಕ್ಕಾ” ಎಂದೆ, ಎಲ್ಲರಿಗೂ ಕೇಳುವಂತೆ. “ನೀ ಬಸ್‌ಸ್ಟ್ಯಾಂಡಿನ್ಯಾಗ ಕೇಳಿದಾಗರ ಹೇಳಬೇಕಾಗಿತ್ತು.”