ನಂಜಪ್ಪನವರ ಬ್ಲೇಡು

ಕಳೆದ ವರ್ಷ ಆಯುಧಪೂಜೆ ಮುಗಿದು ಎರಡು ವಾರಕ್ಕೆ ನಡೆದದ್ದು. ಯಲಹಂಕದಲ್ಲಿ ತೋಟದ ಯಂತ್ರಗಳ ರಿಪೇರಿ ನಾನು ಅಂಗಡಿ ಇಟ್ಟು ಆಗಲೇ ಇಪ್ಪತ್ತೆಂಟು ವರ್ಷವಾಗಿತ್ತು. ಹೆಂಡತಿ ಸರೋಜಾ ತೀರಿಕೊಂಡು ಒಂದೂವರೆ ತಿಂಗಳು. ಅಳು ಬಂದಿರಲಿಲ್ಲ. ಊಟದ ರುಚಿಯೂ ತಿಳಿಯುತ್ತಿರಲಿಲ್ಲ. ಕರೆದಲ್ಲಿಗೆ ಹೋಗಿ ಬೋಲ್ಟು ಬಿಚ್ಚಿ ಬರುತ್ತಿದ್ದೆ, ಅಷ್ಟೇ.

ಹುಲ್ಲು ಕತ್ತರಿಸುವ ಮಷೀನ್ ನೋಡಬೇಕೆಂದು ಸಹಕಾರನಗರದ ಒಂದು ಅಪಾರ್ಟ್‌ಮೆಂಟಿನಿಂದ ಫೋನ್ ಬಂತು. ಅಲ್ಲಿನ ಹುಲ್ಲುಹಾಸು ಅರ್ಧ ಬೋಳಿಸಿ ಬಿಟ್ಟ ತಲೆಯ ಹಾಗಿತ್ತು. ಒಂದು ಕಡೆ ಗಿಡ್ಡ, ಪಕ್ಕದಲ್ಲೇ ಉದ್ದ. ತುದಿಗಳೆಲ್ಲ ಹರಿದು ಕಂದಿದ್ದವು. ಸೆಕ್ರೆಟರಿ ಮೇಡಂ ಆಗಲೇ ತೀರ್ಪು ಕೊಟ್ಟಾಗಿತ್ತು.

"ಮಷೀನ್ ಚೆನ್ನಾಗಿದೆ ಅಂತ ಒಂದು ಮಾತು ಹೇಳ್ಬಿಡಿ, ಸಾಕು. ನಂಜಪ್ಪಂಗೆ ವಯಸ್ಸಾಯ್ತು, ಕೈ ನಡುಗುತ್ತೆ. ನಾಳೆಯಿಂದ ಬೇರೆಯವ್ರು ಬರ್ತಾರೆ."

ಹತ್ತಿರದ ಸಿಂಗಾಪುರ ಹಳ್ಳಿಯಿಂದ ಬರುವ ಮಾಲಿ ನಂಜಪ್ಪ ಟವೆಲ್ ಹಿಡಿದು ಪಕ್ಕದಲ್ಲೇ ನಿಂತಿದ್ದರು. "ಒಂಬತ್ ವರ್ಸದಿಂದ ಇದೇ ಉಲ್ಲು ಸಾ. ಈಗ ಎಂಗೆ ಕೆಡ್ತೋ ಗೊತ್ತಿಲ್ಲ," ಎಂದರು. ನಿಜ ಹೇಳಬೇಕೆಂದರೆ, ಮೇಡಂ ಕೇಳಿದ ಮಾತು ಹೇಳಿ ಹೊರಟುಬಿಡುವ ಮನಸ್ಸಾಯಿತು. ಯಾರ ಕೆಲಸ ಹೋದರೆ ನನಗೇನು ಎನ್ನಿಸುವಂಥ ದಿನಗಳವು. ಅಭ್ಯಾಸಬಲದಿಂದ ಕೈ ಮಾತ್ರ ಪೆಟ್ಟಿಗೆ ತೆರೆಯಿತು.

ಮೊದಲು ಚಕ್ರಗಳ ಎತ್ತರ ನೋಡಿದೆ. ನಾಲ್ಕೂ ಒಂದೇ ಮಟ್ಟದಲ್ಲಿದ್ದವು. ಸ್ಪಾರ್ಕ್ ಪ್ಲಗ್ಗಿನ ವೈರು ಕಳಚಿ ಯಂತ್ರ ವಾಲಿಸಿದೆ. ಬ್ಲೇಡಿನ ಎರಡೂ ತುದಿ ರೆಕ್ಕೆಯ ಹಾಗೆ ಬಾಗಿರುತ್ತವೆ. ರೆಕ್ಕೆ ಮೇಲ್ಮುಖವಾಗಿದ್ದರೆ ಗಾಳಿಗೆ ಹುಲ್ಲು ನೆಟ್ಟಗೆ ನಿಂತು ಸಮನಾಗಿ ತುಂಡಾಗುತ್ತದೆ. ಇಲ್ಲಿ ರೆಕ್ಕೆ ನೆಲ ನೋಡುತ್ತಿತ್ತು. ಹರಿತದ ಅಂಚು ಹಿಂದಾಗಿ, ಮೊಂಡು ಬೆನ್ನು ಹುಲ್ಲಿಗೆ ಬಡಿಯುತ್ತಿತ್ತು. ಬಿಚ್ಚಿ ತಿರುಗಿಸಿದರೆ ಮಧ್ಯದ ತೂತಿನ ಸುತ್ತ ಕುಂಕುಮ.

"ಪೂಜೆಗೆ ಬಿಚ್ಚಿದ್ರಾ?" ಎಂದೆ.

"ಊ ಸಾ. ಕುಂಕ್ಮ ಇಟ್ಟ ಮೊಕ ನೆಲಕ್ಕೆ ಬರಬಾರ್ದು ಅಂತ ಮೇಲ್ಮಾಡಿ ಆಕ್ದೆ."

ಒರೆಸಿ, ತಿರುಗಿಸಿ ಕೂರಿಸಿದೆ. ನಂಜಪ್ಪ ಒಂದು ಸಾಲು ಓಡಿಸಿದರು. ಕೈ ನಡುಗಲಿಲ್ಲ, ಹುಲ್ಲು ಚಾಪೆ ಹಾಸಿದಂತೆ ಬಂತು. ಮೇಡಂ ಸ್ವಲ್ಪ ಹೊತ್ತು ನೋಡಿ, "ಸರಿ, ನಾಳೆ ಬೇಗ ಬನ್ನಿ ನಂಜಪ್ಪ," ಎಂದು ಒಳಗೆ ಹೋದರು.

ನಾನು ಸ್ಪ್ಯಾನರ್ ಎತ್ತಿಡುವಾಗ ನಂಜಪ್ಪ ಬೊಟ್ಟಿಲ್ಲದ ನನ್ನ ಪೆಟ್ಟಿಗೆ ನೋಡಿದರು. "ನಿಮ್ದಕ್ಕೆ ಈ ಸಲ ಪೂಜೆ ಮಾಡಿಲ್ವಾ ಸಾ?"

"ಕುಂಕುಮ ಇಡ್ತಿದ್ದವಳು ಹೋದ್ಲು."

ಅವರು ಶೆಡ್ಡಿನಿಂದ ಕುಂಕುಮದ ಪೊಟ್ಟಣ ತಂದು ಪೆಟ್ಟಿಗೆಯ ಮುಚ್ಚಳದ ಮೇಲೊಂದು ಬೊಟ್ಟಿಟ್ಟರು. ಸರೋಜಾ ಹೋದ ಮೇಲೆ ಮೊದಲ ಸಲ ನನ್ನ ಕಣ್ಣು ತುಂಬಿತು.

ಮನುಷ್ಯನ ಕೈ ದೂರುವ ಮೊದಲು ಯಂತ್ರ ಮಗುಚಿ ನೋಡಬೇಕು. ನನ್ನ ಕೆಲಸ ಕಲಿಸಿದ್ದು ಇಷ್ಟೇ. ಅವತ್ತು ನಾನು ನೋಡದೆಯೇ ಹೊರಡುವವನಿದ್ದೆ.