ಒಗೆಯಬಾರದ ಸೀರೆತುಂಡು

ನಿನ್ನೆ ಪಕ್ಕದ ಮನೆಯ ಹುಡುಗಿ ಒಂದು ಅರ್ಜಿ ನಮೂನೆ ಹಿಡಿದು ಬಂದಳು. ಮನೆಯಲ್ಲೇ ಕೂಸುಗಳನ್ನು ನೋಡಿಕೊಳ್ಳುವ ಕೇಂದ್ರ ತೆರೆಯುತ್ತಾಳಂತೆ, ಪರವಾನಗಿ ಬೇಕು. ಇಂಥ ಕಾಗದ ತುಂಬುವುದರಲ್ಲಿ ನಾನು ಪಳಗಿದವಳೆಂದು ಓಣಿಯಲ್ಲೆಲ್ಲ ಹೆಸರು. ಅವಳ ಸೊಂಟದ ಮೇಲಿದ್ದ ಕೂಸು ಅವಳ ಓಢಣಿಯ ತುದಿಯನ್ನು ಮೂಗಿಗೆ ಒತ್ತಿಕೊಂಡು ನಿದ್ದೆ ಹೋಗಿತ್ತು. ಅದನ್ನು ಕಂಡಿದ್ದೇ ನನ್ನ ಪೆನ್ನು ನಿಂತಿತು. ಮೊರಬದ ನೀಲವ್ವ ನೆನಪಾದಳು.

ಎಂಬತ್ತರ ದಶಕದ ಮಾತು. ಆಗಷ್ಟೇ ತರಬೇತಿ ಮುಗಿಸಿ, ಕೂಲಿಕಾರರ ಮಕ್ಕಳ ಪಾಲನಾ ಕೇಂದ್ರಗಳ ಮೇಲ್ವಿಚಾರಕಿಯಾಗಿ ನವಲಗುಂದ ತಾಲೂಕಿಗೆ ಬಂದಿದ್ದೆ. ಇಸ್ತ್ರಿ ಸೀರೆ, ಬಗಲಲ್ಲಿ ಚೀಲ, ತಲೆಯ ತುಂಬ ಶುಚಿತ್ವದ ಪಾಠ. ನನ್ನನ್ನು ನೋಡಿದ್ದರೆ ನೀವೂ ನಕ್ಕುಬಿಡುತ್ತಿದ್ದಿರಿ.

ನೀಲವ್ವ ಗಂಡನಿಲ್ಲದವಳು. ಕಳೆ ತೆಗೆಯಲು ಹೋಗುವ ಹೆಂಗಸರ ಹನ್ನೊಂದು ಕೂಸುಗಳನ್ನು ತನ್ನ ಪಡಸಾಲೆಯಲ್ಲಿ ಇಟ್ಟುಕೊಳ್ಳುತ್ತಿದ್ದಳು. ತಾಯಂದಿರು ವಾರಕ್ಕೊಮ್ಮೆ ಒಂದಿಷ್ಟು ಜೋಳ ಕೊಡುತ್ತಿದ್ದರು. ಅಷ್ಟರಲ್ಲಿ ಅವಳ ಬೇಸಿಗೆ ದಾಟುತ್ತಿರಲಿಲ್ಲ. ಸರಕಾರದ ಮಾನ್ಯತೆ ಸಿಕ್ಕರೆ ತಿಂಗಳ ಗೌರವಧನ, ಕೂಸುಗಳಿಗೆ ಹಾಲಿನ ಪುಡಿ. ಸಿಗದಿದ್ದರೆ ಅವಳೂ ಕುರ್ಪಿ ಹಿಡಿದು ಕಳೆ ತೆಗೆಯಲು ಹೋಗಬೇಕು, ಕೂಸುಗಳು ಮತ್ತೆ ಹೊಲದ ಬದುವಿನ ಮೇಲೆ. ಹಿಂದಿನ ವರ್ಷ ಬದುವಿನಲ್ಲಿ ಮಲಗಿಸಿದ್ದ ಕೂಸೊಂದಕ್ಕೆ ಚೇಳು ಕಡಿದಿತ್ತು.

"ಮಾನ್ಯತೆ ಬಂದ ಮೇಲೆ ಜೋಳ ತಗೋಬೇಡ," ಎಂದು ಉಪದೇಶಿಸಿದೆ.

"ತಗೋತೀನ್ರಿ ಅಕ್ಕಾರ. ಸರಕಾರ ಒಮ್ಮೆ ಬರತೈತಿ, ಒಮ್ಮೆ ಬರಂಗಿಲ್ಲ. ಕೂಸು ದಿನಾ ಬರತಾವು."

ಮುಂದೆ ಗೌರವಧನ ತಿಂಗಳುಗಟ್ಟಲೆ ನಿಂತಾಗ ಅವಳ ಕೇಂದ್ರವೊಂದೇ ಬಾಗಿಲು ಹಾಕಲಿಲ್ಲ. ಆದರೆ ಅದು ನಂತರದ ಮಾತು.

ಅವಳ ಗೋಡೆಗೆ ಹನ್ನೊಂದು ಗೂಟ. ಒಂದೊಂದಕ್ಕೂ ಒಬ್ಬೊಬ್ಬ ತಾಯಿಯ ಹಳೆ ಸೀರೆಯ ತುಂಡು, ಬೆವರಿನಿಂದ ಮಾಸಿದ್ದು. ಮಾನ್ಯತೆಯ ತಪಾಸಣೆಯ ಹಿಂದಿನ ದಿನ ಸಂತೆ, ಕೂಸುಗಳಿಗೆ ರಜೆ. ನೀಲವ್ವ ಸಂತೆಗೆ ಹೋದಾಗ ನಾನು ಅವನ್ನೆಲ್ಲ ಸೋಡಾ ಹಾಕಿ ಕುದಿಸಿ, ಒಣಗಿಸಿ, ಮಡಚಿ ತೂಗುಹಾಕಿದೆ. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ತಪಾಸಣೆಯ ಸಾಹೇಬರು ಬಂದದ್ದು ಕೂಸುಗಳು ಮಲಗುವ ಹೊತ್ತಿಗೆ. ನೀಲವ್ವ ದಿನದಂತೆ ತುಂಡುಗಳನ್ನು ಹಂಚಿದಳು. ಕೂಸುಗಳು ಮೂಸಿದವು, ಎಸೆದವು, ಹನ್ನೊಂದೂ ಒಟ್ಟಿಗೆ ಕಿರುಚಿಕೊಂಡವು. ಅವಳೂ ಒಂದನ್ನು ಮೂಸಿ ನನ್ನ ಕಡೆ ತಿರುಗಿದಳು.

"ಒಗದ್ರೇನ್ರಿ?"

"ಹೊಲಸಾಗಿತ್ತಲ್ಲ..."

"ಅದು ಹೊಲಸಲ್ರಿ, ಅವರವ್ವನ ವಾಸನಿ."

"ಇಷ್ಟು ಅಳೂ ಕೂಸಿಟ್ಟಗೊಂಡು ಮಾನ್ಯತಿ ಹ್ಯಾಂಗ ಕೇಳ್ತೀರಿ?" ಎನ್ನುತ್ತ ಸಾಹೇಬರು ಎದ್ದರು. ನೀಲವ್ವ ಎಲ್ಲಕ್ಕಿಂತ ಜೋರಾಗಿ ಅಳುತ್ತಿದ್ದ ಕೂಸನ್ನು ಅವರ ತೋಳಿಗೆ ಕೊಟ್ಟುಬಿಟ್ಟಳು. "ಹಿಡ್ಕೋರ್ರಿ, ಬಂದೆ. ಅಕ್ಕಾರ, ಉಳದಾವು ನಿಮ್ಮವು." ತುಂಡುಗಳನ್ನು ಗಂಟು ಕಟ್ಟಿಕೊಂಡು ಮೆಣಸಿನಕಾಯಿ ಹೊಲದ ಕಡೆ ಓಡಿದಳು.

ತರಬೇತಿಯಲ್ಲಿ ಕಲಿತ ಹಾಡುಗಳನ್ನೆಲ್ಲ ಹಾಡಿದೆ. ಅಳು ಹೆಚ್ಚಾಯಿತು. ಸಾಹೇಬರ ಅಂಗಿ ಒದ್ದೆಯಾಯಿತು.

ಏದುಸಿರು ಬಿಡುತ್ತ ನೀಲವ್ವ ಮರಳಿದಳು. ಹೊಲದಲ್ಲಿ ಒಬ್ಬೊಬ್ಬ ತಾಯಿಯೂ ತನ್ನ ತುಂಡಿನಿಂದ ಕುತ್ತಿಗೆ, ಎದೆ ಒರೆಸಿ ಕೊಟ್ಟಿದ್ದಳಂತೆ. ಒಂದೂ ಅದಲುಬದಲಾಗದಂತೆ ಕೂಸುಗಳ ಕೈಗಿಟ್ಟಳು. ಮೊದಲನೆಯದು ಬಿಕ್ಕುತ್ತ ಸುಮ್ಮನಾಯಿತು. ಆಮೇಲೆ ಮತ್ತೊಂದು, ಮಗದೊಂದು. ಕೊನೆಗೆ ಸಾಹೇಬರ ತೋಳಿನಲ್ಲಿದ್ದದ್ದು ಕಣ್ಣು ಮುಚ್ಚಿದಾಗ ಪಡಸಾಲೆಯಲ್ಲಿ ಉಸಿರಾಟವಷ್ಟೇ ಕೇಳುತ್ತಿತ್ತು. ಅಂಥದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ಇದನ್ನ ಯಾವ ಕಾಲಂನಾಗ ಬರೀಲಿ?" ಸಾಹೇಬರು ಪಿಸುಗುಟ್ಟಿದರು. ನಮೂನೆಯಲ್ಲಿ ಅದಕ್ಕೆ ಯಾವ ಕಾಲಮ್ಮೂ ಇರಲಿಲ್ಲ. ಕೂಸನ್ನು ಏಳಿಸದಂತೆ ಒಂದೇ ಕೈಯಲ್ಲಿ ಮಾನ್ಯತೆಗೆ ಸಹಿ ಹಾಕಿದರು.

"ಏನ್ ಯೋಚನಿ ಮಾಡಾಕತ್ತೀರಿ ಆಂಟಿ?" ಹುಡುಗಿ ಕೇಳಿದಳು. ಎದುರಿದ್ದ ನಮೂನೆಯಲ್ಲಿ ಪ್ರಶ್ನೆಯೊಂದಿತ್ತು: ಮಕ್ಕಳ ಬಟ್ಟೆಬರೆಗಳನ್ನು ಎಷ್ಟು ದಿನಕ್ಕೊಮ್ಮೆ ಒಗೆಯಲಾಗುತ್ತದೆ? ‘ಪ್ರತಿದಿನ’ ಎಂದು ತುಂಬಿದೆ. ಸ್ವಲ್ಪ ತಡೆದು, ಉಳಿದ ಜಾಗದಲ್ಲಿ ಒತ್ತೊತ್ತಾಗಿ ಸೇರಿಸಿದೆ: ‘ತಾಯಿಯ ಸೀರೆತುಂಡೊಂದನ್ನು ಬಿಟ್ಟು.’