ಇಪ್ಪತ್ತು ಮೈಲಿಯಾಚೆಯ ದನಿ

ಹ್ಯಾಲಮ್ಸ್ ಬೋರ್‌ನಲ್ಲಿ ಇರುವುದು ಹನ್ನೊಂದು ಮನೆ, ಒಂದು ಪಬ್ಬು, ವರ್ನಾ ಶಿರ್ಮರ್ ನಡೆಸುವ ಅಂಗಡಿ ಮತ್ತು ಅದರ ಮೂಲೆಯಲ್ಲೇ ಅಂಚೆ ಕಚೇರಿ. ಊರಾಚೆ ಕೆಂಪು ಮಣ್ಣಿನ ರನ್‌ವೇ. ಮಂಗಳವಾರ ಬೆಳಿಗ್ಗೆ ಟಪಾಲು ವಿಮಾನ ಬರುತ್ತದೆ. ಅದು ಇಳಿಯುವ ಮುಂಚೆ ಯಾರಾದರೂ ಗಾಡಿ ತೆಗೆದುಕೊಂಡು ಹೋಗಿ, ಈ ತುದಿಯಿಂದ ಆ ತುದಿಗೆ ಹಾರ್ನ್ ಹೊಡೆಯುತ್ತ ಕಾಂಗರೂಗಳನ್ನು ಅಟ್ಟಬೇಕು. ನಲವತ್ತು ವರ್ಷದಿಂದ ಆ ಯಾರಾದರೂ ಎಂದರೆ ವರ್ನಾಳೇ. ಇದಕ್ಕೆ ಅವಳಿಗೆ ಯಾರೂ ಬಿಡಿಗಾಸು ಕೊಟ್ಟಿಲ್ಲ. ಕೊಡಲು ಬಂದಿದ್ದರೆ ಉಗಿದು ಕಳಿಸುತ್ತಿದ್ದಳು.

ಅಲ್ಲಿ ದಾರಿ ತೋರುವ ಗೋಪುರವಿಲ್ಲ, ಅಧಿಕಾರಿಯಿಲ್ಲ. ಪೈಲಟ್ ಇಪ್ಪತ್ತು ಮೈಲಿ ದೂರದಲ್ಲಿರುವಾಗಲೇ ರೇಡಿಯೋದಲ್ಲಿ ಊರಿನ ಹೆಸರು ಹೇಳಿ, ಬರುತ್ತಿದ್ದೇನೆ ಎಂದು ಗಾಳಿಗೆ ಹೇಳುತ್ತಾನೆ. ಕೇಳಿಸಿಕೊಂಡವರು ಕೇಳಿಸಿಕೊಂಡರು. ಆ ಮಾತಿನಿಂದ ಚಕ್ರ ನೆಲ ಮುಟ್ಟುವವರೆಗೆ ಹತ್ತು ನಿಮಿಷ. ವರ್ನಾಳ ಅಂಗಡಿಯಿಂದ ರನ್‌ವೇಗೆ ನಾಲ್ಕು ನಿಮಿಷ, ಅಟ್ಟಿ ಮುಗಿಸಲು ಐದು. ಉಳಿದ ಒಂದು ನಿಮಿಷದಲ್ಲಿ ಅವಳು ಒಲೆಯ ಮೇಲೆ ಟೀಗೆ ನೀರಿಟ್ಟು ಹೊರಡುತ್ತಿದ್ದಳು.

ಆ ಟೀ ಡೆನ್ಝಿಲ್ ಟ್ರೆಂಗೋವ್‌ಗೆ. ಹದಿನಾರು ವರ್ಷ ಆ ಊರಿಗೆ ಟಪಾಲು ತಂದ ಪೈಲಟ್ ಅವನು. ರೇಡಿಯೋದಲ್ಲಿ ಹೇಳಬೇಕಾದ್ದನ್ನೆಲ್ಲ ಕ್ರಮವಾಗಿ ಹೇಳಿ, ಕೊನೆಗೆ ಯಾವ ನಿಯಮದಲ್ಲೂ ಇಲ್ಲದ ಒಂದು ಮಾತು ಸೇರಿಸುತ್ತಿದ್ದ: "ನೀರಿಡು, ವರ್ನಾ." ಅವಳ ಹತ್ತಿರ ಇದ್ದದ್ದು ಕೇಳುವ ಪೆಟ್ಟಿಗೆ ಅಷ್ಟೆ, ಅದರಲ್ಲಿ ಮಾತಾಡಲು ಬರುವುದಿಲ್ಲ. ಆದರೂ ಅವಳು "ಇಟ್ಟೆ ಕಣೋ" ಎಂದು ಪೆಟ್ಟಿಗೆಗೇ ಹೇಳುತ್ತಿದ್ದಳು.

ಹನ್ನೊಂದು ವರ್ಷದ ಹಿಂದೆ ಒಂದು ಬಿರುಗಾಳಿ ಅವಳ ಛಾವಣಿಯ ಆಂಟೆನಾವನ್ನು ಕಿತ್ತುಕೊಂಡು ಹೋಯಿತು. ಹೊಸದು ತರಲು ವರ್ನಾ ಮೂರು ಗಂಟೆ ಗಾಡಿ ಓಡಿಸಿಕೊಂಡು ಓಪಲ್ ರತ್ನದ ಗಣಿಗಳ ಪೇಟೆಗೆ, ಇವೊ ಬರಿಚ್‌ನ ರೇಡಿಯೋ ಅಂಗಡಿಗೆ ಹೋದಳು. ಬೆಲೆ ಹೇಳುವ ಮುಂಚೆ ಗಿರಾಕಿಯನ್ನು ವಿಚಾರಿಸುವುದು ಇವೊನ ಪದ್ಧತಿ.

"ಮೊದ್ಲು ಹೇಳು, ಯಾರ ಮಾತು ಕೇಳ್ಬೇಕು? ಎಷ್ಟು ದೂರದಿಂದ?"

"ಮದುವೆ ಸಂಬಂಧ ಕೇಳೋಕೆ ಬಂದಿಲ್ಲ ಕಣಯ್ಯಾ. ಬೆಲೆ ಹೇಳು."

"ಪೆಟ್ಟಿಗೆ ತಲೆಗೆ ಸಿಕ್ಕಿಸೋ ಈ ಕಡ್ಡಿಗೆ ನಲವತ್ತೈದು ಡಾಲರ್. ನೆತ್ತಿ ಮೇಲೆ ಬಂದೋರ ಮಾತು ಕೇಳ್ಸುತ್ತೆ, ಅಷ್ಟೆ. ಛಾವಣಿ ಮೇಲೆ ನಿಲ್ಸೋ ಈ ನಾಲ್ಕು ಕಾಲಿಂದು ನೂರ ಅರವತ್ತು, ಇಪ್ಪತ್ತು ಮೈಲಿಗೆ ಮೋಸ ಇಲ್ಲ. ಈ ಉದ್ದದ್ದು ಮುನ್ನೂರ ಎಂಬತ್ತು. ಗಾಳಿ ನಿಂತ ಬೆಳಿಗ್ಗೆ ನೂರು ಮೈಲಿ ಆಚೆ ಇರೋನು ಕೆಮ್ಮಿದ್ರೂ ಕೇಳ್ಸುತ್ತೆ."

"ಕಂಡೋರ ಕೆಮ್ಮು ಕೇಳೋಕೆ ಅಷ್ಟು ದುಡ್ಡಾ?"

"ಹಂಗಾದ್ರೆ ನಡುವಿನದ್ದು ತಗೊಂಡು ಹೋಗು. ಟಪಾಲಿನೋನ ಮಾತು ಬೇಗ ಕೇಳ್ಬೇಕು ನಿಂಗೆ."

"ಡೆನ್ಝಿಲ್ ಗಂಟಲಿಗೆ ರೇಡಿಯೋನೇ ಬೇಡ, ಬಿಡು" ಎಂದು ನಕ್ಕು ವರ್ನಾ ನಲವತ್ತೈದರ ಕಡ್ಡಿಯನ್ನು ಚೀಲಕ್ಕೆ ಹಾಕಿಕೊಂಡಳು. ಜಿಪುಣಿ ಅಲ್ಲ ಅವಳು. ಪಬ್ಬಿನಲ್ಲಿ ಊರಿಗೆಲ್ಲ ಬಿಯರ್ ಕುಡಿಸಿದವಳು. ತನಗೆಂದು ಏನಾದರೂ ಕೊಳ್ಳುವಾಗ ಮಾತ್ರ ಕೈ ಹಿಂದೆ ಬರುತ್ತಿತ್ತು. ಆಂಟೆನಾ ತನಗಾಗಿ ಅಲ್ಲ ಎಂಬುದು ಆ ಹೊತ್ತಿಗೆ ಅವಳಿಗೆ ಹೊಳೆಯಲಿಲ್ಲ.

ಮೂರನೆಯ ಮಂಗಳವಾರ ಡೆನ್ಝಿಲ್‌ನ ದನಿ ಕೇಳಿಸಿದಾಗ ವಿಮಾನದ ಸದ್ದು ಆಗಲೇ ಛಾವಣಿಯ ಮೇಲಿತ್ತು. ವರ್ನಾ ನೀರಿಟ್ಟು ಓಡಿದಳು. ರನ್‌ವೇಯ ಗೇಟು ತೆಗೆಯುತ್ತಿದ್ದಂತೆ, ಎದುರು ಬಿಸಿಲಿಗೆ ಇಳಿಯುತ್ತಿದ್ದ ವಿಮಾನದ ಅಡಿಗೆ ಪೊದೆಯಿಂದ ಒಂದು ದೊಡ್ಡ ಗಂಡು ಕಾಂಗರೂ ನೆಗೆಯಿತು. ಡೆನ್ಝಿಲ್‌ನನ್ನು ಮಗುಚಿದ ವಿಮಾನದಿಂದ ಹೊರಗೆ ತೆಗೆಯುವ ಹೊತ್ತಿಗೆ ಅವನಲ್ಲಿ ಜೀವ ಇರಲಿಲ್ಲ. ಮಧ್ಯಾಹ್ನ ಮನೆಗೆ ಬಂದಾಗ ಕೆಟಲ್ ಒಣಗಿ ತಳ ಕಪ್ಪಾಗಿತ್ತು.

ಯಾರೂ ಅವಳನ್ನು ದೂರಲಿಲ್ಲ. ಅವಳೇ ತನ್ನನ್ನು ಬಿಡಲಿಲ್ಲ. ಅಂದಿನಿಂದ ಅವಳು ರೇಡಿಯೋವನ್ನು ನಂಬದೆ ಮಂಗಳವಾರ ನಸುಕಿಗೇ ರನ್‌ವೇಗೆ ಹೋಗಿ ಚಳಿಯಲ್ಲಿ ಕಾಯುತ್ತ ಕೂತಳು, ಹನ್ನೊಂದು ವರ್ಷ. ಹೊರಡುವ ಮುಂಚೆ ನೀರಿಡುವುದನ್ನು ಮಾತ್ರ ಬಿಟ್ಟಳು.

ಎಪ್ಪತ್ತೊಂದಾದ ಮೇಲೆ ಮಂಡಿ ಕೈಕೊಟ್ಟು, ಚಳಿಯಲ್ಲಿ ಕಾಯುವುದು ಆಗದಾಯಿತು. ಈ ಜೂನ್‌ನಲ್ಲಿ ಮತ್ತೆ ಇವೊನ ಅಂಗಡಿಗೆ ಹೋದಳು.

"ಉದ್ದದ್ದು ಕೊಡು" ಎಂದಳು.

"ನಾನೂರ ಇಪ್ಪತ್ತಾಗಿದೆ ಈಗ. ತಂತಿಗೆ ಪ್ಲಗ್ ಹಾಕಿ ಕೊಡೋಕೆ ಇನ್ನೊಂದು ಇಪ್ಪತ್ತೈದು."

ನಾನೂರ ಇಪ್ಪತ್ತನ್ನು ಚೌಕಾಸಿ ಮಾಡದೆ ಕೊಟ್ಟಳು. ಇಪ್ಪತ್ತೈದಕ್ಕೆ ಆ ಹಳೆಯ ಕೈ ಮತ್ತೆ ಹಿಂದೆ ಬಂತು. "ಪ್ಲಗ್ ನಾನೇ ಹಾಕ್ಕೋತೀನಿ. ನಂಗೇನು ಕೈ ಇಲ್ವಾ?"

ಪಬ್ಬಿನ ಡಾರ್ಸಿ ಛಾವಣಿ ಹತ್ತಿ ಆಂಟೆನಾ ನಿಲ್ಲಿಸಿಕೊಟ್ಟ. ಮರುದಿನ ಬುಧವಾರ, ಯಾವ ವಿಮಾನವೂ ಬರದ ದಿನ. ಏಳು ಗಂಟೆ ಹತ್ತು ನಿಮಿಷಕ್ಕೆ ಪೆಟ್ಟಿಗೆಯ ಗೊರಗೊರ ತಟ್ಟನೆ ನಿಂತು, ಪಕ್ಕದಲ್ಲಿ ಕೂತು ಹೇಳಿದಷ್ಟು ಸ್ಪಷ್ಟವಾಗಿ ಒಂದು ದನಿ ಬಂತು.

"ಹ್ಯಾಲಮ್ಸ್ ಬೋರ್, ಪಶ್ಚಿಮಕ್ಕೆ ಇಪ್ಪತ್ತು ಮೈಲಿ, ಇಳಿಯೋಕೆ ಬರ್ತಿದೀನಿ, ಹ್ಯಾಲಮ್ಸ್ ಬೋರ್." ಕೊನೆಗೆ, "ನೀರಿಡು, ವರ್ನಾ."

ಸತ್ತು ಹನ್ನೊಂದು ವರ್ಷವಾದ ಡೆನ್ಝಿಲ್‌ನ ದನಿ ಅದು. ಆದರೂ ವರ್ನಾಳ ಕೈ ತಾನಾಗಿ ಗಾಡಿಯ ಕೀಲಿ ಹುಡುಕಿತು. ಹೋಗಿ ಕಾಂಗರೂಗಳನ್ನು ಅಟ್ಟಿ, ಗೇಟಿನ ಹತ್ತಿರ ನಿಂತು ಪಶ್ಚಿಮಕ್ಕೆ ನೋಡಿದಳು. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಆಕಾಶದಲ್ಲಿ ಒಂದು ಹದ್ದೂ ಇರಲಿಲ್ಲ. ಗುರುವಾರವೂ ಹಾಗೇ, ಶುಕ್ರವಾರವೂ ಹಾಗೇ, ಅದೇ ಏಳು ಹತ್ತಕ್ಕೆ.

"ಏನ್ ವರ್ನಾ, ದಿನಾ ಕಾಂಗರೂಗಳಿಗೆ ಕವಾಯತು ಮಾಡಿಸ್ತಿದೀಯಂತೆ?" ಎಂದು ಡಾರ್ಸಿ ಕಿಚಾಯಿಸಿದ.

"ನಿನ್ನ ಹೊಟ್ಟೆ ನೋಡಿದ್ರೆ ನಿನ್ನೂ ಸೇರಿಸ್ಕೋಬೇಕು ಅನ್ಸುತ್ತೆ" ಎಂದಳು. ದನಿಯ ವಿಷಯ ಎತ್ತಲಿಲ್ಲ. ಗಾಳಿ ನಿಂತ ದಿನ ದೂರದೂರಿನ ಪೈಲಟ್ ಯಾರೋ ಕೇಳಿಸುತ್ತಿರಬಹುದು ಎಂದು ಸಮಾಧಾನ ಹೇಳಿಕೊಂಡಳು. ದೂರದೂರಿನವನಿಗೆ ತನ್ನ ಕೆಟಲ್ ಹೇಗೆ ಗೊತ್ತು ಎಂಬುದಕ್ಕೆ ಮಾತ್ರ ಸಮಾಧಾನ ಸಿಗಲಿಲ್ಲ.

ಮಂಗಳವಾರವೂ ಏಳು ಹತ್ತಕ್ಕೆ ದನಿ ಬಂತು. ಟಪಾಲು ವಿಮಾನ ಬರಬೇಕಾದ್ದು ಎಂಟೂವರೆಗೆ. ವರ್ನಾ ಬೈದುಕೊಳ್ಳುತ್ತಲೇ ಹೋದಳು. ಮೂವತ್ತಕ್ಕೂ ಹೆಚ್ಚು ಕಾಂಗರೂಗಳು ರನ್‌ವೇ ಮಧ್ಯೆ ಮಲಗಿದ್ದವು. ಕೊನೆಯದನ್ನು ಬೇಲಿಯಾಚೆ ದಾಟಿಸುತ್ತಿದ್ದಂತೆ ತಲೆಯ ಮೇಲೆ ಸದ್ದಾಯಿತು. ನಿಜವಾದ ವಿಮಾನ. ಇಳಿಯಿತು, ನಿಂತಿತು. ಈಗಿನ ಪೈಲಟ್ ರೊವೆನಾ ಬಾಗಿಲು ತೆರೆದಳು.

"ಮಧ್ಯಾಹ್ನ ಮಳೆ ಅಂತೆ, ಅದಕ್ಕೇ ಬೇಗ ಬಂದ್ಬಿಟ್ಟೆ. ಇಪ್ಪತ್ತು ಮೈಲಿಯಿಂದ ಎರಡು ಸಲ ಕರೆದೆ. ಸದ್ಯ, ನಿಮ್ಗೆ ಕೇಳಿಸ್ತಲ್ಲ!"

"ನೀರಿಡು ಅಂದಿದ್ದು ನೀನಾ?"

"ನೀರಾ? ನಾನ್ಯಾಕೆ ಹಂಗಂತೀನಿ? ಹುಷಾರಾಗಿದೀರಾ ವರ್ನಾ?"

ಹುಡುಗಿಯ ದನಿ ಅವಳಿಗೆ ಕೇಳಿಸಿಯೇ ಇರಲಿಲ್ಲ. ಮಧ್ಯಾಹ್ನವೇ ಡಾರ್ಸಿಯ ಕೈಲಿ ಆಂಟೆನಾ ಇಳಿಸಿಕೊಂಡು ಹೋಗಿ ಇವೊನ ಮೇಜಿನ ಮೇಲೆ ಇಟ್ಟಳು. ಅವನು ಪ್ಲಗ್ ಬಿಚ್ಚಿ, ಕನ್ನಡಕ ಮೇಲೇರಿಸಿ ನೋಡಿದ.

"ಏನು ಕೆಲ್ಸ ಮಾಡಿದೀಯ ಮಹರಾಯ್ತಿ! ಒಳಗಿನ ತಾಮ್ರದ ಎಳೆ ಪಿನ್ನಿಗೆ ತಾಗೇ ಇಲ್ಲ. ಇದ್ರಲ್ಲಿ ಎರಡು ಮೈಲಿ ಆಚೆ ಮಾತೂ ಕೇಳ್ಸಲ್ಲ."

"ಕೇಳಿಸ್ತು."

"ಸಾಧ್ಯನೇ ಇಲ್ಲ. ಯಾರ ಮಾತು ಕೇಳಿಸ್ತು?"

ವರ್ನಾ ಪ್ಲಗ್ ಕೈಯಲ್ಲಿ ಹಿಡಿದು ಕೂತಳು. ಇದು ಸರಿಯಾದರೆ ಬದುಕಿರುವವರ ಮಾತು ಸಮಯಕ್ಕೆ ಕೇಳುತ್ತದೆ. ಡೆನ್ಝಿಲ್‌ನ ಮಾತು ಬಹುಶಃ ಹೋಗುತ್ತದೆ. ಅವನು ಹೋಗುವುದು ಅವಳಿಗೆ ಬೇಡವಾಗಿತ್ತು. ಆದರೆ ಬೆಳಿಗ್ಗೆ ಬಾಗಿಲು ತೆರೆದು ನಕ್ಕ ಆ ಹುಡುಗಿಯ ಮುಖ ಕಣ್ಣ ಮುಂದಿತ್ತು.

"ಸರಿ ಮಾಡಯ್ಯಾ" ಎಂದಳು. "ಇಪ್ಪತ್ತೈದೂ ತಗೋ."

ಆ ರಾತ್ರಿಯೇ ಡಾರ್ಸಿ ಆಂಟೆನಾ ಮತ್ತೆ ನಿಲ್ಲಿಸಿಕೊಟ್ಟ. ಮರುದಿನ ಬೆಳಿಗ್ಗೆ ಪೆಟ್ಟಿಗೆಯಲ್ಲಿ ಮಾತೇ ಮಾತು. ದನ ಅಟ್ಟುವ ಹೆಲಿಕಾಪ್ಟರಿನವರು, ಗಣಿಯ ವಿಮಾನದವರು, ಎಲ್ಲೋ ಒಬ್ಬ ನಿಜವಾಗಿ ಕೆಮ್ಮಿದ. ಏಳು ಹತ್ತಾಯಿತು. ಏಳು ಹನ್ನೊಂದಾಯಿತು. ವರ್ನಾ ಮೇಜಿಗೆ ತಲೆಯಿಟ್ಟು ಅತ್ತಳು. ಆಮೇಲೆ ಎದ್ದು, ಹನ್ನೊಂದು ವರ್ಷದಲ್ಲಿ ಮೊದಲ ಸಲ, ಒಲೆಯ ಮೇಲೆ ನೀರಿಟ್ಟು ಗಾಡಿ ಹತ್ತಿದಳು.

ರನ್‌ವೇ ತುಂಬ ಕಾಂಗರೂಗಳಿದ್ದವು. ಅವಳು ಹಾರ್ನ್ ಹೊಡೆಯಲಿಲ್ಲ. ಗೇಟಿನ ಬಳಿ ಇಂಜಿನ್ ಆರಿಸಿ, ಕಿಟಕಿ ಇಳಿಸಿ, ಪಕ್ಕದಲ್ಲಿರುವವನಿಗೆ ಹೇಳುವಂತೆ ಹೇಳಿದಳು.

"ಇಟ್ಟೆ ಕಣೋ. ಇಳಿ."

ಕಾಂಗರೂಗಳೆಲ್ಲ ಒಟ್ಟಿಗೆ ತಲೆ ಎತ್ತಿದವು. ನೋಡಿದ್ದು ಅವಳ ಕಡೆಗಲ್ಲ, ಪಶ್ಚಿಮಕ್ಕೆ. ಆಮೇಲೆ ಒಂದೊಂದಾಗಿ ಎರಡೂ ಬದಿಗೆ ಸರಿದು, ಮಧ್ಯದ ಮಣ್ಣನ್ನು ಖಾಲಿ ಬಿಟ್ಟು ನಿಂತವು. ವಿಮಾನವೊಂದು ಇಳಿದು ಓಡಿ ನಿಲ್ಲುವಷ್ಟು ಹೊತ್ತು ಹಾಗೆಯೇ ನಿಂತಿದ್ದು, ಮತ್ತೆ ಮೇಯಲು ತಲೆ ತಗ್ಗಿಸಿದವು.

ವರ್ನಾ ಮನೆಗೆ ಬಂದಾಗ ನೀರು ಆಗತಾನೆ ಕುದಿ ಬಂದಿತ್ತು. ಅವಳು ಎರಡು ಲೋಟ ತೆಗೆದಳು.